ನಿಂತು ನೋಡಿದವನು, ನುಗ್ಗಿ ದೋಚಿದವನು

ಯೌವನಸ್ಥರ ಕೂಟದ ಸಂದೇಶ
ಓದುವ ಭಾಗ: ಓಬದ್ಯ 10ರಿಂದ 14, ಆದಿಕಾಂಡ 14ನೇ ಅಧ್ಯಾಯ

ಬೈಬಲ್ ತೆಗೀರಿ. ಓಬದ್ಯ. ಆ್ಯಪ್‌ನಲ್ಲಿ ನೋಡೋರಿಗೆ ಬೇಗ ಸಿಗುತ್ತೆ, ಪುಸ್ತಕ ತಂದವರು ಆಮೋಸ ಆದ ಮೇಲೆ, ಯೋನನಿಗಿಂತ ಮುಂಚೆ ಹುಡುಕಿ. ಒಂದೇ ಅಧ್ಯಾಯ, 21 ವಚನ. ಇದರ ಮೇಲೆ ನಾನೂ ಇಲ್ಲಿವರೆಗೆ ಒಂದು ಸಲವೂ ಮಾತಾಡಿಲ್ಲ. ಬೈಬಲ್ ಕಾಲೇಜಿನಲ್ಲಿ ಪರೀಕ್ಷೆಗೆ ಅಂತ ಓದಿದ್ದು, ಅಷ್ಟೇ.

ಕಳೆದ ತಿಂಗಳು ನಮ್ಮ ಯೂತ್ ಗ್ರೂಪಿನಲ್ಲಿ ಒಬ್ಬ ಬ್ರದರ್ ಒಂದು ವಿಡಿಯೋ ಹಾಕಿದ್ರು. ಯಾವುದೋ ದೇಶದ ಮೇಲೆ ಬಾಂಬ್ ಬೀಳ್ತಾ ಇದೆ. ಕೆಳಗೆ, "ದುಷ್ಟ ಸರ್ವಾಧಿಕಾರಿಗೆ ಸರಿಯಾದ ಪಾಠ" ಅಂತ ಬರೆದಿದ್ರು. ಹತ್ತು ಜನ ಕೈಮುಗಿಯೋ ಚಿಹ್ನೆ ಹಾಕಿದ್ರು. ಒಬ್ಬ ಸಿಸ್ಟರ್ ಮಾತ್ರ, "ಕ್ರೈಸ್ತರು ಇದಕ್ಕೆ ಸಂತೋಷ ಪಡಬಹುದಾ ಪಾಸ್ಟರ್?" ಅಂತ ಕೇಳಿದ್ರು. ಆಮೇಲೆ ಶುರುವಾಯ್ತು ನೋಡಿ ಜಗಳ, ರಾತ್ರಿ ಒಂದು ಗಂಟೆವರೆಗೆ. ಒಬ್ಬರು ಪೇತ್ರನಿಗೆ ಕತ್ತಿ ಒರೆಯಲ್ಲಿಡು ಅಂದ ಯೇಸುವನ್ನ ತಂದ್ರು. ಇನ್ನೊಬ್ಬರು ರೋಮಾಪುರದವರಿಗೆ 13 ತಂದ್ರು. ಮತ್ತೊಬ್ಬರು ಯೆಹೋಶುವನನ್ನೇ ಕರ್ಕೊಂಡು ಬಂದ್ರು. ನಾನು ಭಾನುವಾರ ಮಾತಾಡ್ತೀನಿ ಅಂತ ಹೇಳಿ ತಪ್ಪಿಸಿಕೊಂಡೆ. ಮೂರು ಭಾನುವಾರ ಮುಂದೂಡಿದೆ. ಈ ವಾರ ಸೆಪ್ಟೆಂಬರ್ 17 ಬರುತ್ತೆ, ಇನ್ನು ಮುಂದೂಡಕ್ಕಾಗಲ್ಲ.

ಯಾಕೆ 17 ಅಂದ್ರೆ, ನಿಮ್ಮಲ್ಲಿ ರಾಯಚೂರು, ಕೊಪ್ಪಳ, ಕಲಬುರಗಿ, ಯಾದಗಿರಿ, ಬೀದರ್ ಕಡೆಯವರಿಗೆ ಗೊತ್ತು. ನಾವು ಶಾಲೆಗೆ ಹೋಗುವಾಗ ಅದು ಹೈದರಾಬಾದ್-ಕರ್ನಾಟಕ ವಿಮೋಚನಾ ದಿನ. 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ. ಧ್ವಜ, ಭಾಷಣ, ಚಾಕೊಲೇಟು. ಇಲ್ಲಿ ಬೆಂಗಳೂರು, ಮೈಸೂರಿನಲ್ಲಿ ಹುಟ್ಟಿದವರಿಗೆ ಆ ದಿನದ ಸುದ್ದಿನೇ ಇಲ್ಲ. ಅವರದ್ದು ತಪ್ಪಲ್ಲ. ಆದ್ರೆ ಸರ್ವಾಧಿಕಾರಿಯ ಮೇಲೆ ಸೈನ್ಯ ಕಳಿಸೋದು ಸರಿನಾ ಅನ್ನೋ ಪ್ರಶ್ನೆಗೆ ಉತ್ತರ ಹುಡುಕಲಿಕ್ಕೆ ಇರಾಕಿಗೆ ಹೋಗೋದು ಬೇಕಾಗಿಲ್ಲ. ನಮ್ಮೂರಿಗೇ ಬಂದಿತ್ತು ಆ ಸೈನ್ಯ.

ನಮ್ಮೂರು ವಳಕಮದಿನ್ನಿ. ಮಸ್ಕಿ, ಸಿಂಧನೂರು, ಲಿಂಗಸುಗೂರು, ಈ ಮೂರು ಊರುಗಳ ಮಧ್ಯೆ ನಮ್ಮ ಓಡಾಟ. 1947ರ ಆಗಸ್ಟ್ 15ಕ್ಕೆ ದೇಶಕ್ಕೆಲ್ಲ ಸ್ವಾತಂತ್ರ್ಯ ಬಂತು, ನಮಗೆ ಬರಲಿಲ್ಲ. ರಾಯಚೂರು, ಗುಲಬರ್ಗಾ, ಬೀದರ್ ಮೂರೂ ನಿಜಾಮನ ರಾಜ್ಯದಲ್ಲಿದ್ವು. ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ 1911ರಿಂದ ಆಳ್ತಿದ್ದ. ಜನರಲ್ಲಿ ಹೆಚ್ಚಿನವರು ತೆಲುಗು, ಮರಾಠಿ, ಕನ್ನಡದವರು, ಆಡಳಿತ ಉರ್ದುವಿನಲ್ಲಿ. ನಾನು ಭಾರತಕ್ಕೂ ಸೇರಲ್ಲ, ಸ್ವತಂತ್ರವಾಗಿರ್ತೀನಿ ಅಂದ. 1947ರ ನವೆಂಬರ್ 29ಕ್ಕೆ ದೆಹಲಿಯ ಜೊತೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದ ಆಯ್ತು. ಆ ಒಂದು ವರ್ಷದಲ್ಲಿ ಕಾಸಿಂ ರಜ್ವಿಯ ರಜಾಕಾರರು ಹಳ್ಳಿಹಳ್ಳಿಗೆ ನುಗ್ಗಿದ್ರು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ನಡೆದ ಹತ್ಯೆಯನ್ನ ಆ ಭಾಗದವರು ಇವತ್ತಿಗೂ ಮರೆತಿಲ್ಲ. ಸುಮಾರು 200 ಜನ ಸತ್ತರು ಅಂತ ಹೇಳ್ತಾರೆ.

ಇದನ್ನ ಹಿಂದೂ-ಮುಸ್ಲಿಂ ಜಗಳ ಅಂತ ಒಂದೇ ಮಾತಿನಲ್ಲಿ ಮುಗಿಸಬೇಡಿ. ಹೈದರಾಬಾದಿನಲ್ಲಿ 'ಇಮ್ರೋಜ್' ಅನ್ನೋ ಉರ್ದು ಪತ್ರಿಕೆ ಇತ್ತು. ಅದರ ಸಂಪಾದಕ ಶೋಯೆಬುಲ್ಲಾ ಖಾನ್, ಯುವಕ, ಮುಸ್ಲಿಂ. ಹೈದರಾಬಾದ್ ಭಾರತಕ್ಕೆ ಸೇರಬೇಕು ಅಂತ ಬರೆದ. 1948ರ ಆಗಸ್ಟ್‌ನಲ್ಲಿ ರಾತ್ರಿ ಮನೆಗೆ ಹೋಗುವಾಗ ಅವನನ್ನ ಕೊಂದ್ರು, ಬರೆಯೋ ಕೈಯನ್ನೂ ಕಡಿದ್ರು. ಸರ್ವಾಧಿಕಾರ ತನ್ನವರನ್ನೂ ಬಿಡಲ್ಲ.

ನಮ್ಮ ಅಜ್ಜಿಗೆ ಆಗ ಹನ್ನೆರಡು ವರ್ಷ ಇರಬೇಕು. ತವರು ಬೇರೆ ಹಳ್ಳಿ, ಹೆಸರು ಹೇಳಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ. "ರಜಾಕಾರ್ರು ಬಂದ್ರು ಅಂದ್ರ ಸಾಕು, ಹೆಣ್ಮಕ್ಕಳೆಲ್ಲ ಜ್ವಾಳದ ಹೊಲದಾಗ ಕುಂದ್ರತಿದ್ವಿ. ಕೂಸು ಅಳಬಾರ್ದಂತ ಬಾಯಿ ಮುಚ್ಚತಿದ್ವಿ" ಅಂತಿದ್ಲು. ಕಾಳೆಲ್ಲ ಹಗೇವಿನಲ್ಲಿ ಹಾಕಿ ಮೇಲೆ ಮಣ್ಣು ಎಳೆದಿದ್ರಂತೆ. ಆ ವರ್ಷ ಸಾವಿರಾರು ಜನ ಗಡಿ ದಾಟಿ ಮುಂಡರಗಿ, ಗಜೇಂದ್ರಗಡದ ಕಡೆ ಹೋದ್ರು. ಅಲ್ಲಿ ಶಿಬಿರಗಳಿದ್ವು. ಮುಂಡರಗಿ ಶಿಬಿರವನ್ನ ಅಳವಂಡಿ ಶಿವಮೂರ್ತಿಸ್ವಾಮಿ ನಡೆಸಿದ್ರು.

ಈಗ ಓಬದ್ಯಕ್ಕೆ ಬರ್ರಿ. ಯೆರೂಸಲೇಮಿಗೆ ಶತ್ರು ನುಗ್ಗಿದ ದಿನ ಎದೋಮಿನವರು ಏನು ಮಾಡ್ತಿದ್ರು? ಎದೋಮ್ ಅಂದ್ರೆ ಏಸಾವನ ಮಕ್ಕಳು, ಯಾಕೋಬನ ಅಣ್ಣನ ವಂಶ. 11ನೇ ವಚನದಲ್ಲಿ ಅವರ ಮೇಲೆ ದೇವರು ಹೊರಿಸೋ ಮೊದಲ ಅಪರಾಧ ಏನು ನೋಡಿ. ದೂರ ನಿಂತಿದ್ದು. ಕತ್ತಿ ಹಿಡಿದಿಲ್ಲ, ಕಲ್ಲು ಎಸೆದಿಲ್ಲ, ಬರೀ ನಿಂತಿದ್ದಾರೆ. ಆದ್ರೆ ದೇವರು ನೀನೂ ಅವರಲ್ಲಿ ಒಬ್ಬನ ಹಾಗೆ ಇದ್ದೆ ಅಂತಾನೆ.

ಇದು ನನ್ನನ್ನ ಬಹಳ ಕಾಡಿದ ಮಾತು. ಯಾಕಂದ್ರೆ ನನ್ನ ಮನಸ್ಸು ಮೊದಲಿನಿಂದ ಯುದ್ಧ ಬೇಡ ಅನ್ನೋರ ಕಡೆಗೇ. ನಮ್ಮ ಪೆಂಟೆಕೋಸ್ತ್ ಹಿರಿಯರಲ್ಲೂ ಅಂಥವರು ಬಹಳ ಜನ ಇದ್ದರು. ಅಮೆರಿಕದ ಅಸೆಂಬ್ಲೀಸ್ ಆಫ್ ಗಾಡ್ 1917ರಲ್ಲಿ, ಮೊದಲ ಮಹಾಯುದ್ಧದ ನಡುವೆ, ನಾವು ಮನುಷ್ಯರ ಪ್ರಾಣ ತೆಗೆಯೋ ಕೆಲಸಕ್ಕೆ ಬರಲ್ಲ ಅಂತ ಘೋಷಣೆ ಮಾಡಿತ್ತು; 50 ವರ್ಷ ಆದ ಮೇಲೆ ಅದನ್ನ ಅವರವರ ಮನಸ್ಸಾಕ್ಷಿಗೆ ಬಿಟ್ರು. ಆ ಹಿರಿಯರ ಬಗ್ಗೆ ನನಗೆ ಗೌರವ ಇದೆ. ನನ್ನ ಮೇಲೆ ಯಾರಾದ್ರೂ ಕೈ ಎತ್ತಿದ್ರೆ ಇನ್ನೊಂದು ಕೆನ್ನೆ ಕೊಡಬಹುದು, ಕೊಡಬೇಕು. ಆದ್ರೆ ಜೋಳದ ಹೊಲದಲ್ಲಿ ಕೂತ ಹನ್ನೆರಡು ವರ್ಷದ ಹುಡುಗಿಯ ಕೆನ್ನೆಯನ್ನ ನಾನು ಹೇಗೆ ಕೊಡಲಿ? ಅದು ನನ್ನ ಕೆನ್ನೆ ಅಲ್ಲ.

ಅದಕ್ಕೇ ಆದಿಕಾಂಡ 14. ಲೋಟನನ್ನ ಸೆರೆ ಹಿಡಿದುಕೊಂಡು ಹೋದ್ರು ಅಂತ ತಪ್ಪಿಸಿಕೊಂಡು ಬಂದವನೊಬ್ಬ ಅಬ್ರಾಮನಿಗೆ ಹೇಳ್ತಾನೆ. ಅಬ್ರಾಮ 318 ಜನರನ್ನ ಕರ್ಕೊಂಡು ರಾತ್ರಿ ದಾಳಿ ಮಾಡ್ತಾನೆ. ಜನರನ್ನ, ಹೆಂಗಸರನ್ನ, ಸಾಮಾನನ್ನ ಬಿಡಿಸಿಕೊಂಡು ಬರ್ತಾನೆ. ತಿರುಗಿ ಬರುವಾಗ ಅವನನ್ನ ಆಶೀರ್ವದಿಸಿದ್ದು ಮೆಲ್ಕೀಚೆದೆಕ. ಈ ಅಧ್ಯಾಯ ಬೈಬಲಿನಲ್ಲಿ ಇರೋವರೆಗೆ, ಬೇರೆಯವರನ್ನ ಬಿಡಿಸೋಕೆ ಹೋಗೋದು ಯಾವಾಗಲೂ ಪಾಪ ಅಂತ ನಾನು ಪ್ರಸಂಗ ಮಾಡಲಾರೆ.

ಹಾಗಾದ್ರೆ ಯಾವಾಗ ಸರಿ? ಅವನು ಕೆಟ್ಟ ಅರಸ ಅನ್ನೋದು ಸಾಲದು. ಕೆಟ್ಟ ಅರಸರು ಎಲ್ಲಾ ಕಡೆ ಇದ್ದಾರೆ, ಹಾಗೆ ಹೊರಟರೆ ಲೋಕದಲ್ಲಿ ಯುದ್ಧ ನಿಲ್ಲೋದೇ ಇಲ್ಲ. ಜನ ಈಗ ಸಾಯ್ತಾ ಇದ್ದಾರಾ? ಒಳಗಿನವರು ತಾವೇ ಎದ್ದು ಕೂಗ್ತಾ ಇದ್ದಾರಾ, ಇಲ್ಲ ಹೊರಗಿನವರು ಅವರ ಹೆಸರಿನಲ್ಲಿ ಕೂಗ್ತಾ ಇದ್ದಾರಾ? ಹೈದರಾಬಾದಿನಲ್ಲಿ ಸ್ವಾಮಿ ರಮಾನಂದ ತೀರ್ಥರ ಸ್ಟೇಟ್ ಕಾಂಗ್ರೆಸ್ 1947ರ ಆಗಸ್ಟ್‌ನಿಂದಲೇ ಸತ್ಯಾಗ್ರಹ ಮಾಡಿ ಜೈಲು ಸೇರಿತ್ತು. ಕೂಗು ಒಳಗಿನದೇ. ಬೇರೆ ಬಾಗಿಲು ತಟ್ಟಿದ್ರಾ? ತಟ್ಟಿದ್ರು. ವರ್ಷಪೂರ್ತಿ ಮಾತುಕತೆ ಆಯ್ತು.

ಮತ್ತೆ ದಿಗ್ಬಂಧನವೂ ಆಯ್ತು. ಇದನ್ನ ಹಲವರು ಮರೀತಾರೆ. 1948ರಲ್ಲಿ ಭಾರತ ಹೈದರಾಬಾದಿಗೆ ಹೋಗೋ ಸಾಮಾನು ತಡೆದಿತ್ತು. ಪೆಟ್ರೋಲ್ ಇಲ್ಲ, ಔಷಧಿ ಸಿಗ್ತಿಲ್ಲ ಅಂತ ನಿಜಾಮನ ಸರ್ಕಾರ ದೂರಿತು. ಆಗಸ್ಟ್ 21ಕ್ಕೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೂ ದೂರು ಹೋಯ್ತು. ಆದ್ರೆ ಅದೇ ತಿಂಗಳುಗಳಲ್ಲಿ ಸಿಡ್ನಿ ಕಾಟನ್ ಅನ್ನೋ ಆಸ್ಟ್ರೇಲಿಯಾದ ಪೈಲಟ್ ಕರಾಚಿಯಿಂದ ರಾತ್ರಿ ವಿಮಾನದಲ್ಲಿ ಬಂದೂಕು ತಂದು ಇಳಿಸ್ತಿದ್ದ. ಅಂದ್ರೆ ಬಂದೂಕಿಗೆ ದಾರಿ ಇತ್ತು, ಔಷಧಿಗೆ ಇರಲಿಲ್ಲ.

ದಿಗ್ಬಂಧನದ ಕಥೆ ಬಹಳ ಸಲ ಹೀಗೇ. ಯುದ್ಧ ಅಲ್ಲ ಅನ್ನೋ ಕಾರಣಕ್ಕೆ ಅದು ಸಾಧು ಅಂತ ಅನ್ಕೋತೀವಿ. ಇರಾಕಿನ ಮೇಲೆ 1990ರ ಆಗಸ್ಟ್‌ನಲ್ಲಿ ಹಾಕಿದ ದಿಗ್ಬಂಧನ ಹನ್ನೆರಡು ವರ್ಷಕ್ಕೂ ಮೀರಿ ನಡೀತು. ಸದ್ದಾಮ್ ಹುಸೇನ್ ಆ ವರ್ಷಗಳಲ್ಲಿ ಅರಮನೆ ಕಟ್ಟಿಸ್ತಾ ಇದ್ದ, ಜನ ರೇಷನ್ ಸಾಲಿನಲ್ಲಿ ನಿಂತಿದ್ರು. ಧರ್ಮೋಪದೇಶಕಾಂಡ 20ರ ಕೊನೆ ಎರಡು ವಚನ ಮನೆಗೆ ಹೋಗಿ ಓದಿ. ಊರಿಗೆ ಮುತ್ತಿಗೆ ಹಾಕಿದಾಗಲೂ ಹಣ್ಣಿನ ಮರ ಕಡಿಯಬಾರದು ಅಂತ ಇಸ್ರಾಯೇಲಿಗೆ ಆಜ್ಞೆ. ಮರಕ್ಕೇ ಅಷ್ಟು ಲೆಕ್ಕ ಇಟ್ಟ ದೇವರು ಮಗುವಿನ ಔಷಧಿ ತಡೆಯೋದನ್ನ ಒಪ್ಪುತ್ತಾನಾ?

ಹಾಗಂತ ಎಲ್ಲಾ ದಿಗ್ಬಂಧನವೂ ತಪ್ಪು ಅಂತ ಹೇಳ್ತಿಲ್ಲ. ದಕ್ಷಿಣ ಆಫ್ರಿಕಾದ ವರ್ಣಭೇದದ ವಿರುದ್ಧ ಮೊದಲು ವ್ಯಾಪಾರ ನಿಲ್ಲಿಸಿದ ದೇಶ ಭಾರತ, 1946ರಲ್ಲಿ, ನಮಗೇ ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. ಮುಂದೆ 1959ರಲ್ಲಿ ಆಲ್ಬರ್ಟ್ ಲುಥುಲಿ ಲೋಕಕ್ಕೆಲ್ಲ ಕೇಳಿಕೊಂಡ, ನಮ್ಮ ದೇಶದ ಸಾಮಾನು ಕೊಳ್ಳಬೇಡಿ ಅಂತ. ಅದರಿಂದ ಕಪ್ಪು ಜನರಿಗೂ ಕಷ್ಟ ಆಗುತ್ತೆ ಅಂತ ಅವನಿಗೆ ಗೊತ್ತಿತ್ತು, ಗೊತ್ತಿದ್ದೇ ಕೇಳಿದ. ಅವನು ಕ್ರೈಸ್ತ, ಸಭೆಯಲ್ಲಿ ಪ್ರಸಂಗ ಮಾಡ್ತಿದ್ದವನು, ದೀಕ್ಷೆ ಪಡೆದ ಪಾಸ್ಟರ್ ಅಲ್ಲ, ನನ್ನ ಹಾಗೆ. (ನೊಬೆಲ್ ಪ್ರಶಸ್ತಿ ವಿಷಯದಲ್ಲಿ ಮಾತ್ರ ನನ್ನ ಹಾಗಲ್ಲ.) ಹಸಿವನ್ನ ಹೊರೋರು ತಾವೇ ಹೊರ್ತೀವಿ ಅಂದ್ರೆ ಅದು ಉಪವಾಸ. ಬೇರೆಯವರು ಅವರ ಮೇಲೆ ಹೊರಿಸಿದ್ರೆ ಅದು ಬರಗಾಲ.

ಸರಿ, ಸೆಪ್ಟೆಂಬರ್ 13. ಬೆಳಗಿನ ಜಾವ ಭಾರತದ ಸೈನ್ಯ ಒಳಗೆ ಬಂತು. ಮುಖ್ಯ ಪಡೆ ಸೊಲ್ಲಾಪುರದ ಕಡೆಯಿಂದ, ಇನ್ನೊಂದು ವಿಜಯವಾಡದ ಕಡೆಯಿಂದ, ನಮ್ಮ ಕಡೆ ಹೊಸಪೇಟೆಯಿಂದ ತುಂಗಭದ್ರೆ ಸೇತುವೆ ಹಿಡಿದು. ಸರ್ಕಾರ ಅದಕ್ಕಿಟ್ಟ ಹೆಸರು ಪೊಲೀಸ್ ಕಾರ್ಯಾಚರಣೆ. ಹೆಸರು ಪೊಲೀಸಿನದ್ದು, ಬಂದಿದ್ದು ಟ್ಯಾಂಕು. ಐದೇ ದಿನ. 17ರ ಸಂಜೆ ನಿಜಾಮ ರೇಡಿಯೋದಲ್ಲಿ ಸೋಲೊಪ್ಪಿದ, ಮಾರನೇ ದಿನ ಅವನ ಸೇನಾಪತಿ ಎಲ್ ಎದ್ರೂಸ್, ಮೇಜರ್ ಜನರಲ್ ಜೆ. ಎನ್. ಚೌಧುರಿಯವರಿಗೆ ಶರಣಾದ. ಅಜ್ಜಿಯ ಊರಿನಲ್ಲಿ ಅವಳ ಅಪ್ಪ, ಅಂದ್ರೆ ನನ್ನ ಮುತ್ತಜ್ಜ, ಮನೆಮನೆಗೆ ಬೆಲ್ಲ ಹಂಚಿದನಂತೆ. ಹಂಚಬೇಕಾದ್ದೇ. ಆ ಬೆಲ್ಲದಲ್ಲಿ ಪಾಪ ಇರಲಿಲ್ಲ. ಆ ಸೈನ್ಯ ಬರಬೇಕಾಗಿತ್ತು ಅಂತಲೇ ನಾನು ನಂಬ್ತೀನಿ. ದೆಹಲಿಗೆ ತನ್ನ ಭೂಪಟದ ಚಿಂತೆಯೂ ಇತ್ತು, ಇಲ್ಲ ಅನ್ನಲ್ಲ. ಅಬ್ರಾಮನೂ ಲೋಟ ತನ್ನ ತಮ್ಮನ ಮಗ ಅಂತಲೇ ಹೊರಟಿದ್ದು. ಪೂರಾ ಶುದ್ಧ ಮನಸ್ಸು ಬರೋವರೆಗೆ ಕಾಯ್ತೀನಿ ಅಂದ್ರೆ ಹೊಲದಲ್ಲಿ ಕೂತವರು ಬದುಕಿರಲ್ಲ.

ಇಲ್ಲಿಗೆ ಮುಗಿಸಿದ್ರೆ ಇದು 17ರ ಧ್ವಜದ ಕೆಳಗಿನ ಭಾಷಣ ಆಗುತ್ತೆ. ನಿಮ್ಮ ಬೈಬಲ್‌ನಲ್ಲಿ ಓಬದ್ಯ 13, 14 ಇದೆ. ನಿಂತು ನೋಡಿದ ಎದೋಮ್ ಆಮೇಲೆ ಒಳಗೆ ಬರ್ತಾನೆ. ಬಿದ್ದವರ ಊರಿನ ಬಾಗಿಲಲ್ಲಿ ನುಗ್ಗಿ ಅವರ ಆಸ್ತಿಗೆ ಕೈ ಹಾಕ್ತಾನೆ. ದಾರಿ ಕೂಡೋ ಕಡೆ ನಿಂತು ಓಡಿಹೋಗೋರನ್ನ ಕಡೀತಾನೆ.

ನಮ್ಮಲ್ಲಿ ಅದೇ ಆಯ್ತು. ರಜಾಕಾರರು ಓಡಿಹೋದ್ರು, ಬಂದೂಕು ಹಿಡಿದವರಿಗೆ ಓಡೋ ದಾರಿ ಗೊತ್ತಿರುತ್ತೆ. ಉಳಿದಿದ್ದು ಹಳ್ಳಿಯ ಮುಸ್ಲಿಮರು. ನೇಯೋರು, ಹತ್ತಿ ಹಿಂಜೋರು, ಕೂಲಿಯವರು. ಸೇಡು ಅವರ ಮೇಲೆ ಬಿತ್ತು. ಸುದ್ದಿ ಕೇಳಿ ನೆಹರೂ ಅವರು ಪಂಡಿತ್ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಇದ್ದ ಒಂದು ತಂಡವನ್ನ ಕಳಿಸಿದ್ರು. ಅವರು 1948ರ ನವೆಂಬರ್, ಡಿಸೆಂಬರ್‌ನಲ್ಲಿ ಜಿಲ್ಲೆಗಳಲ್ಲಿ ತಿರುಗಿದ್ರು. ಕಾರ್ಯಾಚರಣೆ ಹೊತ್ತಲ್ಲಿ ಮತ್ತು ಅದರ ನಂತರ ಸತ್ತವರು 27,000ದಿಂದ 40,000 ಅಂತ ಅವರ ಅಂದಾಜು. ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಎರಡು ನಮ್ಮವು, ಬೀದರ್ ಮತ್ತು ಗುಲಬರ್ಗಾ. ಕೆಲವು ಕಡೆ ಸೈನಿಕರು, ಪೊಲೀಸರು ತಾವೇ ಲೂಟಿಯಲ್ಲಿ ಸೇರಿದ್ರು ಅಂತಲೂ ಬರೆದ್ರು. ಹಿಂದೂಗಳು ಪ್ರಾಣ ಕೊಟ್ಟು ನೆರೆಯ ಮುಸ್ಲಿಮರನ್ನ ಕಾಪಾಡಿದ್ದನ್ನೂ ಬರೆದ್ರು. ನೇಕಾರರು ನೇಕಾರರನ್ನ ಉಳಿಸಿಕೊಂಡ ಊರುಗಳಿದ್ವು. ಆ ವರದಿಯನ್ನ ಸರ್ಕಾರ ಪ್ರಕಟಿಸಲಿಲ್ಲ. ಜನರ ಕೈಗೆ ಸಿಕ್ಕಿದ್ದು 2013ರಲ್ಲಿ. ನನಗೆ ಶಾಲೆಯಲ್ಲಿ ಚಾಕೊಲೇಟ್ ಕೊಟ್ಟವರು ಇದನ್ನ ಹೇಳಲಿಲ್ಲ, ಪಾಪ, ಅವರಿಗೂ ಯಾರೂ ಹೇಳಿರಲಿಲ್ಲ.

ಮತ್ತೆ ನಿಜಾಮ? ಅವನಿಗೇನಾಯ್ತು ಗೊತ್ತಾ? 1950ರ ಜನವರಿ 26ರಿಂದ 1956ರ ಅಕ್ಟೋಬರ್ ಕೊನೆವರೆಗೆ ಅವನೇ ಹೈದರಾಬಾದಿನ ರಾಜಪ್ರಮುಖ. ಬಿರುದು ಉಳೀತು, ಅರಮನೆ ಉಳೀತು. ರಜ್ವಿ ಜೈಲಿಗೆ ಹೋಗಿ, 1957ರಲ್ಲಿ ಬಿಡುಗಡೆಯಾಗಿ, ಪಾಕಿಸ್ತಾನಕ್ಕೆ ಹೋದ. ಸರ್ವಾಧಿಕಾರದ ಸಾಲವನ್ನ ತೀರಿಸಿದ್ದು ಹತ್ತಿ ಹಿಂಜೋನು.

ಸಿಂಧನೂರಿನ ಹತ್ತಿರ ಬಂಗಾಳಿ ಕ್ಯಾಂಪುಗಳಿವೆ, ಆರ್.ಎಚ್. ಕ್ಯಾಂಪ್ ಅಂತೀವಿ. ಪೂರ್ವ ಪಾಕಿಸ್ತಾನ ಬಿಟ್ಟು ಬಂದವರಿಗೆ ಸರ್ಕಾರ ಅಲ್ಲಿ ಜಾಗ ಕೊಟ್ಟಿತು. ಅವರ ಆ ನಾಡಿಗೂ 1971ರ ಡಿಸೆಂಬರ್‌ನಲ್ಲಿ ಭಾರತದ ಸೈನ್ಯ ಹೋಯ್ತು. ಒಂದು ಕೋಟಿಯಷ್ಟು ನಿರಾಶ್ರಿತರು ಗಡಿ ದಾಟಿದ್ರು, ನಿಂತು ನೋಡೋ ಹಾಗಿರಲಿಲ್ಲ. 16ಕ್ಕೆ ಢಾಕಾ ಬಿತ್ತು, 1972ರ ಮಾರ್ಚ್‌ಗೆ ಸೈನ್ಯ ವಾಪಸ್ ಬಂತು, ನೆಲ ಹಿಡಿದು ಕೂರಲಿಲ್ಲ. ಅದನ್ನ ನಾನು ಮೆಚ್ಚುತ್ತೀನಿ. ಆದ್ರೆ ಅಲ್ಲೂ ಗೆದ್ದ ಮಾರನೇ ದಿನದಿಂದ ಉರ್ದು ಮಾತಾಡೋ ಬಿಹಾರಿಗಳ ಮೇಲೆ ಸೇಡು ಬಿತ್ತು. ಅವರ ಮೊಮ್ಮಕ್ಕಳು ಇವತ್ತಿಗೂ ಢಾಕಾದ ಕ್ಯಾಂಪುಗಳಲ್ಲಿ ಇದ್ದಾರೆ.

ಹೀಗಾಗಿ ನಾನು ಬಂದು ನಿಂತಿರೋದು ಇಲ್ಲಿ. ಹೋಗೋದು ಸರಿನಾ ಅನ್ನೋ ಪ್ರಶ್ನೆಗೆ ಅರ್ಧ ಉತ್ತರ ಮಾತ್ರ ಹೋಗೋ ದಿನ ಸಿಗುತ್ತೆ. ಉಳಿದರ್ಧ ಆರನೇ ದಿನ ಸಿಗುತ್ತೆ. ಸರ್ವಾಧಿಕಾರಿ ಬಿದ್ದ ಕೂಡಲೇ ಅವನ ಕಡೆಯವರು ಅಂತ ಹೆಸರು ಬಿದ್ದಿರೋ ಬಡವರು ಊರಿನಲ್ಲಿ ಒಂಟಿ ಆಗ್ತಾರೆ. ಅವರ ಬಾಗಿಲ ಮುಂದೆ ಯಾರು ನಿಲ್ತಾರೆ ಅಂತ ಹೋಗೋಕೆ ಮುಂಚೆ ಯೋಚನೆ ಮಾಡದ ಸೈನ್ಯ, ಎಷ್ಟೇ ನ್ಯಾಯದ ಕಾರಣ ಇಟ್ಕೊಂಡು ಹೋದ್ರೂ, ಬೇರೆ ಜನರನ್ನ ಅದೇ ಹೊಲಕ್ಕೆ ಕಳಿಸುತ್ತೆ. ಯೆಶಾಯ 10ರಲ್ಲಿ ದೇವರು ಅಶ್ಶೂರವನ್ನ ತನ್ನ ಕೋಲು ಅಂತಾನೆ. ಅದೇ ಅಧ್ಯಾಯದಲ್ಲಿ ಆ ಕೋಲಿಗೂ ಶಿಕ್ಷೆ ಇದೆ. ದೇವರು ಉಪಯೋಗಿಸಿದ ಅಂದ್ರೆ ದೇವರು ಮಾಫ್ ಮಾಡಿದ ಅಂತಲ್ಲ.

ಅಬ್ರಾಮನ ಕಡೆ ನೋಡಿ, 22, 23ನೇ ವಚನ. ಸೊದೋಮಿನ ಅರಸ, ಸಾಮಾನೆಲ್ಲ ನೀನೇ ಇಟ್ಕೋ ಅಂತಾನೆ. ಅಬ್ರಾಮ ಕೈ ಎತ್ತಿ ಆಣೆ ಇಡ್ತಾನೆ, ಒಂದು ದಾರ, ಚಪ್ಪಲಿಯ ಬಾರು ಕೂಡ ಮುಟ್ಟಲ್ಲ ಅಂತ.

ಆ ದಾರದ ಮಾತು ಬಂದಾಗಲೆಲ್ಲ ನನಗೆ ನಮ್ಮ ಮನೆಯ ಹಂಡೆ ನೆನಪಾಗುತ್ತೆ. ಇದನ್ನ ಹೇಳಬೇಕೋ ಬೇಡವೋ ಅಂತಲೇ ಮೂರು ಭಾನುವಾರ ಹೋಯ್ತು.

ವಳಕಮದಿನ್ನಿಯ ನಮ್ಮ ಮನೆಯ ಬಚ್ಚಲಲ್ಲಿ ಒಂದು ತಾಮ್ರದ ಹಂಡೆ ಇದೆ. ಅಜ್ಜಿ ಮದುವೆ ಆಗಿ ಬರುವಾಗ ತವರಿನಿಂದ ತಂದದ್ದು. ಚಿಕ್ಕವನಿದ್ದಾಗ ಅದರ ನೀರಲ್ಲೇ ಸ್ನಾನ. ಕಂಠದ ಸುತ್ತ ಬಳ್ಳಿಯ ಹಾಗೆ ಏನೋ ಕೆತ್ತಿದೆ, ಚಿತ್ತಾರ ಅಂದ್ಕೊಂಡಿದ್ದೆ. ಬೈಬಲ್ ಕಾಲೇಜಿನಲ್ಲಿ ಇದ್ದಾಗ ಬೀದರಿನ ಒಬ್ಬ ಸಹಪಾಠಿ ರಜೆಗೆ ನಮ್ಮನೆಗೆ ಬಂದಿದ್ದ. ಉರ್ದು ಓದಲಿಕ್ಕೆ ಬರ್ತಿತ್ತು. ಸ್ನಾನಕ್ಕೆ ಹೋದವನು ತಲೆ ಒರೆಸಿಕೊಳ್ತಾ ಹೊರಗೆ ಬಂದು, "ಬ್ರದರ್, ಈ ಹಂಡೆ ಯಾರದ್ದು?" ಅಂದ. ಅದು ಹೆಣ್ಣುಮಗಳ ಹೆಸರು. ಮದುವೆಗೆ ಕೊಟ್ಟ ಪಾತ್ರೆಗೆ ಹೆಸರು ಕೆತ್ತಿಸೋ ಪದ್ಧತಿ ನಮ್ಮಲ್ಲಿ ಎಲ್ಲರಿಗೂ ಇದೆಯಲ್ಲ.

ಅಜ್ಜಿ ಆಗ ಬದುಕಿದ್ಲು. ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಮನಿ ಖಾಲಿ ಬಿದ್ದಿತ್ತಪ್ಪ. ಯಾರರ ಒಯ್ತಿದ್ರು. ನಮ್ಮಪ್ಪ ತಂದ" ಅಂದ್ಲು. ಮನೆಯವರು ಎಲ್ಲಿಗೆ ಹೋದ್ರು ಅಂತ ಕೇಳಿದೆ. ಎದ್ದು ಒಳಗೆ ಹೋದ್ಲು.

ಬೆಲ್ಲ ಹಂಚಿದ ಕೈಯೇ ಹಂಡೆ ತಂದಿದ್ದು. ನಡುವೆ ಹತ್ತು ದಿನವೂ ಇರಲಿಕ್ಕಿಲ್ಲ. ಮುತ್ತಜ್ಜ ಕೆಟ್ಟವನಲ್ಲ. ರಜಾಕಾರರ ಕಾಲದಲ್ಲಿ ಅವನೂ ಹೆದರಿ ಬದುಕಿದವನೇ.

ಕಳೆದ ವಾರ ಅಮ್ಮನಿಗೆ ಫೋನ್ ಮಾಡಿದ್ದೆ. ಹಂಡೆ ಇನ್ನೂ ಇದೆ, ತಳ ಸೋರ್ತಿದೆ, ಕಲಾಯಿಯವನು ಈಗ ಬರಲ್ಲ, ಗುಜರಿಗೆ ಹಾಕಲಾ ಅಂದ್ರು. ಬೇಡ ಅಂದೆ. ಅಜ್ಜಿಯ ತವರೂರಿನಲ್ಲಿ ಈಗ ಎರಡೇ ಮುಸ್ಲಿಂ ಮನೆ ಇವೆ. ಅಕ್ಟೋಬರ್ ರಜೆಗೆ ಹೋದಾಗ ಅವರ ಹತ್ತಿರ ಹೋಗಿ, ಆ ಹೆಸರಿನವರು ಯಾರು, ಮಕ್ಕಳು ಎಲ್ಲಿದ್ದಾರೆ ಅಂತ ಕೇಳ್ತೀನಿ. ಎಪ್ಪತ್ತು ವರ್ಷದ ಮೇಲಾಯ್ತು, ಯಾಕೆ ಬಂದೆ ಅಂತ ಬೈಬಹುದು. ಹೆದರಿಕೆ ಇದೆ. ನನ್ನ ಜೊತೆ ಬರೋರು ಇದ್ರೆ ಕೂಟ ಮುಗಿದ ಮೇಲೆ ಹೆಸರು ಕೊಡಿ, ಸಿಂಧನೂರಿನವರೆಗೆ ರಾತ್ರಿ ಬಸ್ಸಿದೆ. ಈಗ ಎದ್ದು ನಿಲ್ಲಿ, ಪ್ರಾರ್ಥನೆ ಮಾಡೋಣ.